ಕೊನೆಯ ಹಿತ್ತಲಿಗೆ ಮೊದಲ ನೀರು

ಹೆಗ್ಗಡದೇವನಕೋಟೆ
೮–೧–೧೯೩೭

ಜೀನತ್,

ವರ್ಗವಾದ ಊರಿಗೆ ಬಂದು ಸೇರಿದೆವು. ಹುಣಸೂರಿನವರೆಗೆ ಮೋಟಾರು, ಅಲ್ಲಿಂದ ಎತ್ತಿನ ಗಾಡಿ. ಗಾಡಿಯವನು ದಾರಿಯುದ್ದಕ್ಕೂ ಈ ಊರಿನಲ್ಲಿ ಚಳಿಜ್ವರ ಬಂದು ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಂಡು ಬಂದ. ನಮ್ಮ ಯಜಮಾನರು ಹುಡುಗರಿಂದ ಪಾಠ ಒಪ್ಪಿಸಿಕೊಳ್ಳುವಂತೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಸ್ಕೂಲು ಚೆನ್ನಾಗಿದೆಯಂತೆ. ಮನೆ ಚೆನ್ನಾಗಿಲ್ಲ. ಹಿತ್ತಲು ಅನ್ನುವುದು ಹೆಸರಿಗಷ್ಟೆ, ನಾಲ್ಕು ಹೆಜ್ಜೆ ಇಟ್ಟರೆ ಮುಳ್ಳಿನ ಪೊದೆ ಸಿಗುತ್ತದೆ.

ಹೊರಡುವ ಗಡಿಬಿಡಿಯಲ್ಲಿ ಬೀಗದ ಕೈ ನಿನ್ನ ಕೈಗಿತ್ತು ಗಾಡಿ ಹತ್ತಿಬಿಟ್ಟೆ, ನೀರಿನ ಮಾತು ಆಡಲಾಗಲಿಲ್ಲ. ಗುರುವಾರ ಬೆಳಿಗ್ಗೆ ನೀರುಗಂಟಿ ಚಿಕ್ಕಬಸಪ್ಪ ನಾಲೆಯ ತೂಬು ತೆಗೆದರೆ ನಮ್ಮಿಬ್ಬರ ಹಿತ್ತಲಿಗೂ ಒಂದೇ ಕಾಲುವೆಯಲ್ಲಿ ನೀರು. ನಿನ್ನದು ಮೇಲೆ, ನಮ್ಮದು ಕೆಳಗೆ, ಕೊನೆಗೆ. ಕೊನೆಯ ಹಿತ್ತಲಿಗೆ ಮೊದಲು ನೀರು. ಅದು ತುಂಬಿದ ಮೇಲೆ ಮೇಲಿನವರು ಕಾಲುವೆ ಬದಿಯ ಮಣ್ಣು ಸರಿಸಿ ತಮ್ಮ ಗಂಡಿ ತೆಗೆದುಕೊಳ್ಳಬೇಕು. ನಮ್ಮ ಬೀದಿಯ ಈ ಪದ್ಧತಿಯನ್ನು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಇಷ್ಟು ದಿನ ನಾನು ಕೆಳಗೆ ನಿಂತು "ತುಂಬಿತು ಕಣೇ" ಎಂದು ಕೂಗುತ್ತಿದ್ದೆ, ನೀನು ಮೇಲೆ ಗುದ್ದಲಿ ಹಾಕುತ್ತಿದ್ದೆ. ಇನ್ನು ಎರಡೂ ನಿನ್ನದೇ ಕೆಲಸ.

ಮಲ್ಲಿಗೆ, ಬಾಳೆ, ಪತ್ರೆ ಮರದ ಚಿಂತೆ ನನಗಿಲ್ಲ, ಮನೆಯ ಬಾವಿಯ ಪಸೆಯಲ್ಲೇ ಬದುಕುತ್ತವೆ. ಯಜಮಾನರ ಹುಲ್ಲುಹಾಸಿನ ಮೇಲೆ ಮಾತ್ರ ಒಂದು ಕಣ್ಣಿರಲಿ. ಮೈಸೂರಿನಿಂದ ಗೋಣಿಚೀಲದಲ್ಲಿ ಬೇರು ತಂದು ಒಂದೊಂದಾಗಿ ನೆಟ್ಟವರು ಅವರು. ಊರವರು ನಕ್ಕರೂ ಬಿಡಲಿಲ್ಲ. ಒಂದು ವಾರ ನೀರು ತಪ್ಪಿದರೆ ಕೆಂಪಾಗುತ್ತದೆ. ನಿನ್ನ ಮೇಕೆಯನ್ನು ಕಟ್ಟಿಹಾಕು.

ಇನ್ನೊಂದು ಮಾತು. ಈ ಬೇಸಿಗೆಯಲ್ಲಿ ನಾಲೆಯ ಓವರ್ಸಿಯರು ಬಂದು, ನೀರುಂಡು ಹಸಿರಾಗಿರುವ ಹಿತ್ತಲುಗಳನ್ನು ಮಾತ್ರ ಪುಸ್ತಕಕ್ಕೆ ಬರೆದುಕೊಂಡು ನಂಬರು ಕೊಡುತ್ತಾರಂತೆ. ನಂಬರಿಲ್ಲದ ಹಿತ್ತಲಿಗೆ ಆಮೇಲೆ ನಾಲೆಯ ನೀರಿಲ್ಲ. ಅವರು ಬರುವ ಹೊತ್ತಿಗೆ ಎಲ್ಲವೂ ಹಸಿರಾಗಿರಬೇಕು. ನಾವು ಯುಗಾದಿಗೆ ಬಂದೇ ಬರುತ್ತೇವೆ.

ಯಶೋದೆ

•

ಸಾಲಿಗ್ರಾಮ
೨೨–೧–೧೯೩೭

ಯಶೋದಕ್ಕನವರಿಗೆ ಜೀನತ್ ಮಾಡುವ ಸಲಾಂ.

ನಿಮ್ಮ ಜಗಲಿಯ ಮೇಲೆ ಕೂರಿಸಿ ನೀವೇ ಕಲಿಸಿದ ಅಕ್ಷರ ಇದು. ತಪ್ಪಿದ್ದರೆ ಅಲ್ಲೇ ತಿದ್ದಿಕೊಳ್ಳಿ, ಮೇಷ್ಟ್ರಿಗೆ ತೋರಿಸಬೇಡಿ.

ಎರಡು ಗುರುವಾರವೂ ನೀರು ಬಂತು. ನಿಮ್ಮ ಕಡೆ ತುಂಬಿತೋ ಇಲ್ಲವೋ ನೋಡಲು ಕೆಳಗೆ ಓಡುವುದು, ಮೇಲೆ ಬಂದು ಗಂಡಿ ತೆಗೆಯುವುದು. ಅಷ್ಟರಲ್ಲಿ ಮತ್ತೆ ಅನುಮಾನವಾಗಿ ಕೆಳಗೆ ಓಡುವುದು. ನೀವು ಕೂಗುವುದು ಎಷ್ಟು ದೊಡ್ಡ ಕೆಲಸವಾಗಿತ್ತೆಂದು ಈಗ ಗೊತ್ತಾಗುತ್ತಿದೆ. ಹುಲ್ಲು ಚೆನ್ನಾಗಿದೆ. ದಾರಿಯಲ್ಲಿ ಹೋಗುವವರು ಬೇಲಿಯ ಮೇಲೆ ಇಣುಕಿ, "ಮೇಷ್ಟ್ರು ಉಲ್ಲು ಬೆಳ್ದು ದನ ಕಟ್ಟದನ್ನ ಮರ್ತು ಓಗವ್ರಲ್ಲಾ" ಎನ್ನುತ್ತಾರೆ. ನಾನು ಮೇಷ್ಟ್ರ ಮಾನ ಕಾಯಲು, ಅದು ಕೂರುವ ಹುಲ್ಲು, ಮೇಯುವ ಹುಲ್ಲಲ್ಲ ಎಂದು ಹೇಳಿದೆ. ಅವರಿಗೆ ಇನ್ನೂ ನಗು ಬಂತು.

ನಮ್ಮ ಮೇಕೆಯನ್ನು ಬಕ್ರೀದ್‌ಗೆಂದು ಸಾಕಿರುವುದು ನಿಮಗೆ ಗೊತ್ತು. ಅದಕ್ಕೆ ಉಳಿದಿರುವ ನಾಲ್ಕು ವಾರದಲ್ಲಿ ನಿಮ್ಮ ಹುಲ್ಲಿನ ರುಚಿ ತೋರಿಸಬೇಕೆಂದು ಮನಸ್ಸಾಗುತ್ತದೆ. ಆದರೆ ಕಟ್ಟಿಯೇ ಇಟ್ಟಿದ್ದೇನೆ.

ಪುದೀನ ಈ ಸಲ ಒಳ್ಳೆಯ ಎಲೆ ಬಿಟ್ಟಿದೆ. ಕೊತ್ತಂಬರಿಯೂ ಎದ್ದಿದೆ. ನಮ್ಮವರಿಗೆ ಕಲಾಯಿಯ ಹೊಗೆಯಿಂದ ಕೆಮ್ಮು ಜಾಸ್ತಿಯಾಗಿ ಮಿರ್ಲೆ, ಕೆ.ಆರ್. ನಗರದ ಕಡೆ ಹೋಗುವುದನ್ನು ಬಿಟ್ಟಿದ್ದಾರೆ. ಊರೊಳಗಿನ ಪಾತ್ರೆಗೆ ಮಾತ್ರ ಕಲಾಯಿ ಹಾಕುತ್ತಾರೆ. ಹಾಗಾಗಿ ಈ ವರ್ಷ ಮನೆ ನಡೆಯುವುದು ಸಂತೆಗೆ ಹೋಗುವ ಸೊಪ್ಪಿನ ಮೇಲೆಯೇ. ಓವರ್ಸಿಯರ ನಂಬರು ನಿಮಗಿಂತ ನಮಗೆ ಹೆಚ್ಚು ಬೇಕು. ನೀವು ಮೊದಲೇ ತಿಳಿಸಿದ್ದು ಒಳ್ಳೆಯದಾಯಿತು.

ಕೇಳಬೇಕಾದದ್ದು ಒಂದಿದೆ. ಬೆಲ್ಲದ ಮಂಡಿಯ ಪುಟ್ಟಮಲ್ಲಪ್ಪನವರು ಹೋದ ಸೋಮವಾರ ಬಂದು ನಿಮ್ಮ ಹಿತ್ತಲನ್ನು ಹೆಜ್ಜೆಯಲ್ಲಿ ಅಳೆದರು. ಆ ಮೂಲೆಯಿಂದ ಈ ಮೂಲೆಗೆ, ಎಣಿಸಿಕೊಂಡು. ಏಕೆಂದು ಕೇಳಿದರೆ ಹುಲ್ಲು ನೋಡಲು ಬಂದೆ ಎಂದರು. ಇದು ನಿಮಗೆ ಗೊತ್ತಿರುವ ವಿಷಯವೇ?

ಜೀನತ್

•

ಹೆಗ್ಗಡದೇವನಕೋಟೆ
೨–೨–೧೯೩೭

ಜೀನತ್,

ಕಾಗದ ಸೇರಿತು. ತಪ್ಪುಗಳಿದ್ದವು, ಎಣಿಸಲಿಲ್ಲ. ಯಜಮಾನರು "ಕೂರುವ ಹುಲ್ಲು" ಓದಿ ಬಹಳ ನಕ್ಕರು. ತೋರಿಸಬೇಡಿ ಎಂದು ನೀನು ಬರೆದಿದ್ದೆ, ನಾನು ತೋರಿಸಿಬಿಟ್ಟೆ.

ಪುಟ್ಟಮಲ್ಲಪ್ಪನವರು ನಮ್ಮವರಿಗೆ ಬಹಳ ವರ್ಷದ ಸ್ನೇಹಿತರು. ಬಂದು ನೋಡಿದರೆ ನೋಡಲಿ. ನೀನು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ.

ಇಲ್ಲಿ ನಮ್ಮವರಿಗೆ ಒಂದು ಸುತ್ತು ಜ್ವರ ಬಂದು ಹೋಯಿತು. ಕ್ವಿನೈನು ಕುಡಿದು ಕಿವಿ ಗುಂಯ್ ಎನ್ನುತ್ತದೆ ಎಂದು ದಿನವೂ ಗೊಣಗುತ್ತಾರೆ. ಕ್ಲಾಸಿನಲ್ಲಿ ಹುಡುಗರು ಉತ್ತರ ಹೇಳಿದರೂ ಕೇಳಿಸುವುದಿಲ್ಲವಂತೆ, ಎಲ್ಲರಿಗೂ ಸರಿ ಎಂದುಬಿಡುತ್ತಾರಂತೆ. ಹುಡುಗರಿಗೆ ಇಂಥ ಮೇಷ್ಟ್ರು ಹಿಂದೆ ಸಿಕ್ಕಿರಲಾರರು.

ಓವರ್ಸಿಯರು ಯಾವಾಗ ಬರುತ್ತಾರೆಂದು ಚಿಕ್ಕಬಸಪ್ಪನನ್ನು ವಿಚಾರಿಸಿ ಬರೆ. ಹುಲ್ಲಿನ ಮಧ್ಯೆ ಕಳೆ ಕಂಡರೆ ಕಿತ್ತುಬಿಡು. ಕಾಡುಜೇನಿನ ಒಂದು ಸೀಸೆಯನ್ನು ಹುಣಸೂರಿಗೆ ಹೋಗುವವರ ಕೈಲಿ ಕಳಿಸಿದ್ದೇನೆ, ನಿನ್ನ ಮನೆಯವರ ಕೆಮ್ಮಿಗೆ. ಬೆಚ್ಚಗಿನ ನೀರಿನಲ್ಲಿ ಕೊಡು.

ಯಶೋದೆ

•

ಸಾಲಿಗ್ರಾಮ
೧೯–೨–೧೯೩೭

ಯಶೋದಕ್ಕನವರಿಗೆ ಸಲಾಂ.

ಜೇನು ತಲುಪಿತು. ನಮ್ಮವರು ಕೆಮ್ಮಿಗೆ ಒಂದು ಚಮಚ, ರುಚಿಗೆ ಎರಡು ಚಮಚ ತೆಗೆದುಕೊಳ್ಳುತ್ತಿದ್ದಾರೆ.

ನಾಲೆಯಲ್ಲಿ ನೀರು ಇಳಿದಿದೆ. ಮೇಲೆ ಎಲ್ಲೋ ಕಟ್ಟೆ ರಿಪೇರಿಯಂತೆ. ಚಿಕ್ಕಬಸಪ್ಪನವರು ಈ ತಿಂಗಳಿಂದ ನಮ್ಮ ಕಾಲುವೆಗೆ ಗುರುವಾರ ಒಂದೇ ಗಂಟೆ ತೂಬು ತೆಗೆಯುತ್ತಿದ್ದಾರೆ. ಮೊದಲು ಮೂರು ಗಂಟೆ ಹರಿಯುತ್ತಿತ್ತು. ಒಂದು ಗಂಟೆ ನಿಮಗೆ, ಎರಡು ನಮಗೆ ಸಿಗುತ್ತಿತ್ತು. ಈಗ ಕಾಲುವೆಯ ಮಣ್ಣೇ ಮೊದಲು ಕುಡಿಯುತ್ತದೆ. ನಿಮ್ಮ ಹುಲ್ಲು ಅಂಚಿನವರೆಗೆ ನೆನೆಯುವ ಹೊತ್ತಿಗೆ ತೂಬು ಹಾಕಿಬಿಡುತ್ತಾರೆ. ಮೂರು ವಾರದಿಂದ ಹೀಗೆ.

ನಮ್ಮ ಬಾವಿ ಉಪ್ಪು. ಪಾತ್ರೆ ತೊಳೆಯಲು ಆದೀತು, ಪುದೀನಕ್ಕೆ ಆಗದು. ನಿಮ್ಮ ಬಾವಿಯಲ್ಲಿ ಕೊಡ ಮುಳುಗುವಷ್ಟು ನೀರಿಲ್ಲ. ಬಕ್ರೀದ್ ಮುಂದಿದೆ, ಸೊಪ್ಪಿಗೆ ಬೇಡಿಕೆ ಇದೆ, ಬೇಡಿಕೆ ಇದ್ದಷ್ಟು ಸೊಪ್ಪು ಇಲ್ಲ. ಹೇಗೋ ನಡೆಯುತ್ತದೆ.

ಅಕ್ಕ, ಒಂದು ಕೇಳುತ್ತೇನೆ. ಹುಲ್ಲಿಗೆ ಒಂದು ವಾರ ಬಿಟ್ಟು ಒಂದು ವಾರ ನೀರು ಕೊಟ್ಟರೆ ಸಾಲದೇ? ಮಧ್ಯದ ಗುರುವಾರ ನಾನು ನನ್ನ ಗಂಡಿ ತೆಗೆದುಕೊಳ್ಳುತ್ತೇನೆ. ಹುಲ್ಲಿನ ಬೇರು ಆಳ, ಸ್ವಲ್ಪ ಕೆಂಪಾದರೂ ಮತ್ತೆ ಚಿಗುರುತ್ತದೆ. ಪುದೀನದ ಬೇರು ಮಣ್ಣಿನ ಮೇಲೆಯೇ ಇರುತ್ತದೆ. ಕೊನೆಯ ಹಿತ್ತಲಿನವರು ಒಪ್ಪಿದರೆ ಪದ್ಧತಿ ಮುರಿದ ಹಾಗಾಗುವುದಿಲ್ಲ ಎಂದು ಚಿಕ್ಕಬಸಪ್ಪನವರೂ ಹೇಳಿದರು. ನೀವು ಹೂಂ ಎಂದು ಒಂದು ಗೆರೆ ಬರೆದರೆ ಸಾಕು. ಓವರ್ಸಿಯರು ಮಾರ್ಚಿ ಕೊನೆಗೆ ಬರುತ್ತಾರಂತೆ.

ಪುಟ್ಟಮಲ್ಲಪ್ಪನವರು ಮತ್ತೆ ಬಂದಿದ್ದರು. ಈ ಸಲ ಬಡಗಿಯನ್ನು ಕರೆತಂದು ನಿಮ್ಮ ಮನೆಯ ತೊಲೆ ನೋಡಿಸಿದರು.

ಜೀನತ್

•

ಹೆಗ್ಗಡದೇವನಕೋಟೆ
೧–೩–೧೯೩೭

ಜೀನತ್,

ನಿನ್ನ ಕಾಗದ ಬಂದಾಗ ಯಜಮಾನರಿಗೆ ಎರಡನೇ ಸುತ್ತಿನ ಜ್ವರ. ಅದಕ್ಕೇ ಬರೆಯುವುದು ತಡವಾಯಿತು.

ನೀರಿನ ವಿಷಯ ಅವರನ್ನು ಕೇಳಿದೆ. ಓವರ್ಸಿಯರು ಬಂದು ಹೋಗುವವರೆಗೆ ಹುಲ್ಲಿಗೆ ಒಂದು ವಾರವೂ ತಪ್ಪಬಾರದು ಎನ್ನುತ್ತಾರೆ. ಕೆಂಪಾದ ಹುಲ್ಲನ್ನು ನೋಡಿ ಇದು ಪಾಳು ಹಿತ್ತಲು ಎಂದು ಆತ ಬರೆದುಕೊಂಡರೆ ಏನು ಮಾಡುವುದು? ಇನ್ನು ನಾಲ್ಕು ವಾರದ ಮಾತು. ಅಲ್ಲಿಯವರೆಗೆ ನೀನು ಹೇಗಾದರೂ ಸುಧಾರಿಸಿಕೋ. ನಿನ್ನ ಕೈಗುಣ ನನಗೆ ಗೊತ್ತು, ಕಲ್ಲಿನ ಮೇಲೂ ಪುದೀನ ಬೆಳೆಯುತ್ತೀಯ. ಉಪ್ಪು ನೀರಾದರೂ ದಿನ ಬಿಟ್ಟು ದಿನ ಸ್ವಲ್ಪ ಚಿಮುಕಿಸಿ ನೋಡು. ನಂಬರು ಒಂದು ಸಿಕ್ಕಿಬಿಡಲಿ, ಆಮೇಲೆ ಎಷ್ಟು ವಾರ ಬೇಕಾದರೂ ನೀನೇ ತೆಗೆದುಕೋ.

ತೊಲೆಯ ವಿಷಯ. ಗೆದ್ದಲು ಹಿಡಿದಿದೆಯೋ ನೋಡಿ ಎಂದು ನಾವೇ ಹೇಳಿದ್ದೆವು.

ಯಶೋದೆ

•

ಹೆಗ್ಗಡದೇವನಕೋಟೆ
೨೪–೩–೧೯೩೭

ಜೀನತುನ್ನೀಸಾ ಅವರಿಗೆ,

ಮೂರು ವಾರ ಕಳೆದರೂ ನಿಮ್ಮಿಂದ ಒಂದು ಗೆರೆ ಇಲ್ಲ. ಈಗ ಕಾರಣ ತಿಳಿಯಿತು.

ನಮ್ಮ ನಾದಿನಿ ಪುಟ್ಟಲಕ್ಷ್ಮಿ, ಕೆಳಗಿನ ಬೀದಿಗೆ ಕೊಟ್ಟಿರುವವಳು, ಶಿವರಾತ್ರಿ ಕಳೆದ ಮೇಲೆ ಅಣ್ಣನ ಜ್ವರ ವಿಚಾರಿಸಲು ಬಂದಿದ್ದಳು. ಅವಳ ಮಾತನ್ನು ಅವಳು ಹೇಳಿದ ಹಾಗೇ ಬರೆಯುತ್ತೇನೆ. "ಅತ್ಗೆ, ನನ್ನ ಕಣ್ಣಾರೆ ಕಂಡೆ ಕಣತ್ಗೆ. ಗುರ್ವಾರ ನೀರು ಬತ್ತಾ ಅದೆ, ಜೀನತಮ್ಮ ಗುದ್ದಲಿ ಇಡ್ಕಂಡು ಅವ್ಳ ಗಂಡೀಲಿ ಬಗ್ಗಿ ಮಣ್ಣು ಎಳೀತಾವ್ಳೆ. ನಿಮ್ ಕಡೀಕೆ ನೀರು ಓದಂಗೆಯ!"

ನೀವು ಒಮ್ಮೆ ಕೇಳಿದಿರಿ, ನಾನು ಆಗದು ಎಂದು ಕಾರಣ ಸಮೇತ ಬರೆದೆ. ಆ ಮೇಲೂ ನೀವು ಗಂಡಿ ತೆಗೆದಿರೆಂದರೆ ನಾನು ಯಾವ ಮಾತು ಆಡಲಿ? ಊರಿನಲ್ಲಿ ಇಲ್ಲದವರ ನೀರು ಎಂದು ತಾನೇ. ಬೇರೆ ಯಾರು ಮಾಡಿದ್ದರೂ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಓವರ್ಸಿಯರು ಬಂದಾಗ ಹುಲ್ಲು ಒಣಗಿದ್ದರೆ ಅದರ ಹೊಣೆ ನಿಮ್ಮದು.

ಇಂತು,
ಯಶೋದಮ್ಮ

•

ಸಾಲಿಗ್ರಾಮ
೨–೪–೧೯೩೭

ಮೇಷ್ಟ್ರ ಮನೆಯ ಅಮ್ಮನವರಿಗೆ,

ಓವರ್ಸಿಯರು ಮಾರ್ಚಿ ಮೂವತ್ತನೇ ತಾರೀಖು ಮಂಗಳವಾರ ಬಂದರು. ನಿಮ್ಮ ಹುಲ್ಲುಹಾಸಿನ ಹಿತ್ತಲು ಹಸಿರಾಗಿತ್ತು. ಅದಕ್ಕೆ ಹದಿನಾಲ್ಕನೇ ನಂಬರು ಬಿದ್ದಿದೆ. ಚೀಟಿಯನ್ನು ಇದರ ಜೊತೆ ಮಡಿಸಿ ಇಟ್ಟಿದ್ದೇನೆ. ಅವರು ಹುಲ್ಲಿನ ಮೇಲೆ ಮೆಟ್ಟು ಬಿಚ್ಚಿ ನಡೆದು ನೋಡಿದರು. ಇಂಥ ಹುಲ್ಲನ್ನು ಮೈಸೂರು ಬಿಟ್ಟರೆ ಇಲ್ಲಿ ನೋಡುತ್ತಿದ್ದೇನೆ ಎಂದರು. ಮೇಷ್ಟ್ರಿಗೆ ತಿಳಿಸಿ.

ಗುದ್ದಲಿಯ ವಿಷಯ. ಪುಟ್ಟಲಕ್ಷ್ಮಮ್ಮನವರು ನೋಡಿದ್ದು ನಿಜ. ಆ ದಿನ ಮಣ್ಣು ಎಳೆದೆ.

ನಿಮ್ಮ ಕೆಲಸ ಆಯಿತು. ಬೀಗದ ಕೈಯನ್ನು ಚಿಕ್ಕಬಸಪ್ಪನವರಿಗೆ ಕೊಟ್ಟಿದ್ದೇನೆ. ಅವರು ಎತ್ತು ಕೊಳ್ಳಲು ಕೋಟೆಯ ಕಡೆ ಬರುವವರಿದ್ದಾರೆ, ತಂದುಕೊಡುತ್ತಾರೆ.

ಜೀನತುನ್ನೀಸಾ

•

ಹೆಗ್ಗಡದೇವನಕೋಟೆ
೧೯–೪–೧೯೩೭

ಜೀನತ್,

ಈ ಕಾಗದವನ್ನು ಹರಿಯದೆ ಕೊನೆಯವರೆಗೂ ಓದು.

ಯುಗಾದಿಯಾದ ಮೂರನೇ ದಿನ ಚಿಕ್ಕಬಸಪ್ಪ ಬಂದ. ಬೀಗದ ಕೈ ಕೊಟ್ಟ, ಮಜ್ಜಿಗೆ ಕುಡಿದ. ಹೋಗುವ ಮೊದಲು ನಾನೇ ಕೇಳಿದೆ, ಜೀನತ್ ಇಂಥ ಕೆಲಸ ಮಾಡಬಹುದಿತ್ತೇ ಎಂದು. ಅವನು ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ.

"ಏನವ್ವಾ ಇಂಗಂತೀರಿ? ಆವಮ್ಮ ಮಣ್ಣು ಎಳೆದದ್ದು ಗಂಡಿ ಮುಚ್ಚಾಕೆ ಕಣವ್ವ, ತೆಗೆಯಾಕಲ್ಲ! ಏಡಿ ಬಿಲ ತೋಡಿತ್ತು, ನೀರು ಆವಮ್ಮನ ಕಡೀಕೆ ಸೋರ್ತಿತ್ತು. ಬರಾದೇ ಒಂದು ಗಂಟೆ ನೀರು, ಅದ್ರಲ್ಲಿ ಒಂದು ಚೊಂಬೂ ತನ್ ಕಡೀಕೆ ಓಗ್ಬಾರ್ದು ಅಂತ ಮೆತ್ತುತಾ ಇದ್ಲು. ನಾನೇ ಅಂದೆ, ಬುಡು ತಾಯಿ, ಸೋರಿದ್ರೆ ಸೋರ್ಲಿ, ನಿನ್ ಪುದೀನ ನೋಡು ಎಂಗಾಗದೆ ಅಂತ. ಕೊನೆಯೋರು ಒಪ್ಪಿಲ್ಲ ಕಣಣ್ಣ ಅಂದ್ಲು. ಅಷ್ಟೇಯ."

ಉಳಿದದ್ದನ್ನೂ ಅವನೇ ಹೇಳಿದ. ನೀನು ಬೆಳಗಿನ ಜಾವ ಎದ್ದು ಹೊಳೆಯಿಂದ ಕೊಡದಲ್ಲಿ ನೀರು ಹೊತ್ತು ತಂದು ಪುದೀನಕ್ಕೆ ಹಾಕುತ್ತಿದ್ದೆಯಂತೆ. ಮಾರ್ಚಿ ಮೊದಲ ವಾರ ಹೊಳೆಯ ಮೆಟ್ಟಿಲಲ್ಲಿ ಜಾರಿ ಸೊಂಟ ಹಿಡಿದು ಹತ್ತು ದಿನ ಮಲಗಿದ್ದೆಯಂತೆ. ಆ ಹತ್ತು ದಿನದಲ್ಲಿ ಮಡಿಗಳೆಲ್ಲ ಸುಟ್ಟುಹೋದವಂತೆ. ಮಲಗಿದ್ದಾಗಲೂ ಗುರುವಾರ ಗೋಡೆ ಹಿಡಿದು ಎದ್ದುಬಂದು ನಮ್ಮ ಹುಲ್ಲು ತುಂಬಿತೇ ಎಂದು ನೋಡಿದೆಯಂತೆ. ಅದೇ ದಿನಗಳಲ್ಲಿ ನಾನು ಇಲ್ಲಿ ನಿನ್ನ ಕಾಗದ ಬರಲಿಲ್ಲವೆಂದು ಲೆಕ್ಕ ಇಟ್ಟುಕೊಂಡು ಕೂತಿದ್ದೆ.

ಓವರ್ಸಿಯರು ನಿನ್ನ ಹಿತ್ತಲಿನಲ್ಲಿ ನಿಂತು, ಇಲ್ಲಿ ಏನಿದೆ ಬರೆಯಲು ಎಂದು ಕೇಳಿದರಂತೆ. ಚಿಕ್ಕಬಸಪ್ಪ, ಸ್ವಾಮಿ, ಈ ಊರಿಗೆಲ್ಲ ಸೊಪ್ಪು ಕೊಡುವ ಹಿತ್ತಲು ಇದು ಎಂದು ಕೈಮುಗಿದನಂತೆ. ಆಗ ಅವರು ಇಲ್ಲದ್ದನ್ನು ಬರೆಯಲು ಬರುವುದಿಲ್ಲ ಎಂದು ಪುಸ್ತಕ ಮುಚ್ಚಿದರಂತೆ. ಕೂರುವ ಹುಲ್ಲಿಗೆ ನಂಬರು, ನಿನ್ನ ಹೊಟ್ಟೆಯ ಸೊಪ್ಪಿಗೆ ಇಲ್ಲ. ಕಾಲುವೆ ಇನ್ನು ಮುಂದೆ ನಿನ್ನ ಹಿತ್ತಲಿನ ಮಧ್ಯೆಯೇ ಹರಿದು ಬರುತ್ತದೆ, ನೀನು ಅದನ್ನು ಮುಟ್ಟುವ ಹಾಗಿಲ್ಲ. ಇದಾವುದನ್ನೂ ನೀನು ನನಗೆ ಬರೆಯಲಿಲ್ಲ. ನನಗೆ ನಾಚಿಕೆಯಾಗುತ್ತಿದೆ, ಜೀನತ್.

ನಾನು ಹೇಳದೆ ಇಟ್ಟಿದ್ದನ್ನು ಈಗ ಹೇಳುತ್ತೇನೆ. ಯುಗಾದಿಗೆ ಬರುತ್ತೇವೆಂದು ಬರೆದೆನಲ್ಲ, ಬರೆಯುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಹೊರಡುವ ಮೊದಲೇ ಯಜಮಾನರು ಮನೆಯನ್ನು ಪುಟ್ಟಮಲ್ಲಪ್ಪನವರಿಗೆ ಮಾರುವ ಮಾತು ಆಡಿದ್ದರು. ಪಿಂಚಣಿಯಾದ ಮೇಲೆ ಮೈಸೂರಿನಲ್ಲಿ ಇರಬೇಕೆಂದು ಅವರ ಆಸೆ. ಹಿತ್ತಲಿಗೆ ನೀರಿನ ನಂಬರು ಸಿಕ್ಕಿದರೆ ಮಾತ್ರ ಕೊಳ್ಳುತ್ತೇನೆ ಎಂದು ಪುಟ್ಟಮಲ್ಲಪ್ಪನವರು ಕರಾರು ಹಾಕಿದ್ದರು. ಆ ಕರಾರಿಗಾಗಿ ನಿನ್ನಿಂದ ನೀರು ಹಾಯಿಸಿದೆ. ಹೇಳಿದರೆ ನೀನು ಬಿಟ್ಟುಬಿಡುತ್ತೀಯ ಎಂಬ ಭಯಕ್ಕೆ ಹೇಳಲಿಲ್ಲ. ಒಂದು ವಾರ ಬಿಟ್ಟುಕೊಡಿ ಎಂದು ಕೇಳಿದೆಯಲ್ಲ, ಆಗ ನಾನು ಯಜಮಾನರನ್ನು ಕೇಳಲೂ ಇಲ್ಲ. ಅವರಿಗೆ ಜ್ವರದಲ್ಲಿ ಎಚ್ಚರವಿರಲಿಲ್ಲ. ಆಗದು ಎಂದದ್ದು ನಾನೇ.

ಆ ಮನೆ ಹಿತ್ತಲು ನನ್ನ ಹೆಸರಿನಲ್ಲಿದೆ, ನಮ್ಮಪ್ಪ ಮದುವೆಯಲ್ಲಿ ಕೊಟ್ಟದ್ದು. ನನ್ನ ಸಹಿ ಇಲ್ಲದೆ ಮಾರಲು ಬರುವುದಿಲ್ಲ. ಯಜಮಾನರಿಗೆ ಹೇಳಿದ್ದೇನೆ: ಮನೆ, ಬಾವಿ, ಮಲ್ಲಿಗೆ, ಪತ್ರೆ ಮರ ಎಲ್ಲಾ ಪುಟ್ಟಮಲ್ಲಪ್ಪನವರಿಗೆ. ನಿನ್ನ ಗೋಡೆಗೆ ಅಂಟಿದ ಹುಲ್ಲಿನ ಹಿತ್ತಲನ್ನು ಮಾತ್ರ ನಂಬರು ಸಮೇತ ಬೇರೆ ಮಾಡಿ ನಿನ್ನ ಹೆಸರಿಗೆ ಬರೆದ ಮೇಲೆಯೇ ನಾನು ಸಹಿ ಹಾಕುವುದು. ಎರಡು ದಿನ ಮಾತು ಬಿಟ್ಟಿದ್ದರು. ನಾನೂ ಬಿಟ್ಟೆ. ಮೂರನೇ ದಿನ, "ಅಷ್ಟು ಕಷ್ಟಪಟ್ಟು ಬೆಳೆಸಿದ ಹುಲ್ಲು ಕಣೇ" ಎಂದರು. ಕಷ್ಟಪಟ್ಟವರಿಗೇ ಹೋಗುತ್ತಿದೆ ಎಂದೆ. ಪುಟ್ಟಮಲ್ಲಪ್ಪನವರು ಬೆಲೆ ಇಳಿಸಿದ್ದಾರೆ. ಇಳಿಸಲಿ.

ನೀರನ್ನು ಮೇಲಕ್ಕೆ ಹತ್ತಿಸಲು ನನಗೆ ಬರುವುದಿಲ್ಲ. ನಿನ್ನ ಪುದೀನವನ್ನು ಕೆಳಗೆ ತಂದು ನೆಡಬಹುದು. ಹುಲ್ಲನ್ನು ಕಿತ್ತುಹಾಕು.

ಕ್ಷಮಿಸು ಎಂದು ಕೇಳುವ ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ.

ಯಶೋದೆ

•

ಸಾಲಿಗ್ರಾಮ
೩–೫–೧೯೩೭

ಯಶೋದಕ್ಕನವರಿಗೆ,

ನಿಮ್ಮ ಕಾಗದವನ್ನು ಹರಿಯಲಿಲ್ಲ. ಎರಡು ಸಲ ಓದಿದೆ. ಉತ್ತರ ಬರೆಯಲು ಕೂತು ಎರಡು ಸಲ ಎದ್ದು ಹೋದೆ.

ಮನೆ ಮಾರುವ ಸಂಗತಿ ನನಗೆ ಜನವರಿಯಲ್ಲೇ ಗೊತ್ತು. ಹಿತ್ತಲನ್ನು ಹೆಜ್ಜೆಯಲ್ಲಿ ಅಳೆಯುವವರು ಹುಲ್ಲು ನೋಡಲು ಬಂದವರಲ್ಲ. ಬಡಗಿಯನ್ನು ಕರೆತಂದ ದಿನ ಪುಟ್ಟಮಲ್ಲಪ್ಪನವರೇ ಬಾಯಿ ಬಿಟ್ಟು ಹೇಳಿದರು, ನಂಬರು ಸಿಕ್ಕಿದರೆ ಕೊಳ್ಳುತ್ತೇನೆಂದೂ ಹೇಳಿದರು. ಅದು ಗೊತ್ತಿದ್ದೇ ಒಂದು ವಾರ ಬಿಟ್ಟುಕೊಡಿ ಎಂದು ನಿಮ್ಮನ್ನು ಕೇಳಿದ್ದು. ಎರಡು ಕಾಗದದಲ್ಲಿ ಅವರ ಹೆಸರು ಎತ್ತಿದೆ. ನೀವೇ ಹೇಳುತ್ತೀರೆಂದು ಕಾದೆ. ನೀವು ಗೆದ್ದಲಿನ ಮಾತು ಬರೆದಿರಿ.

ಗೊತ್ತಿದ್ದೂ ನೀರು ಏಕೆ ಬಿಟ್ಟೆ ಎಂದು ನಮ್ಮವರು ಇವತ್ತಿಗೂ ಕೇಳುತ್ತಾರೆ. ಕೊನೆಯ ಹಿತ್ತಲಿನವರು ಎದುರಿಗೆ ನಿಂತಿರಲಿ, ಕೋಟೆಯಲ್ಲಿರಲಿ, ಸುಳ್ಳೇ ಬರೆಯುತ್ತಿರಲಿ, ನೀರು ಮೊದಲು ಅವರದು. ಒಬ್ಬರಿಗೆ ಮುರಿದರೆ ನಾಳೆ ಇಡೀ ಬೀದಿಗೆ ಮುರಿಯುತ್ತದೆ. ನಿಮ್ಮ ಮೇಲಿನ ಪ್ರೀತಿಗೆ ಮಾಡಿದೆ ಎಂದು ತಿಳಿಯಬೇಡಿ. ಫೆಬ್ರವರಿ ಕಳೆಯುವ ಹೊತ್ತಿಗೆ ಪ್ರೀತಿ ಅಷ್ಟು ಉಳಿದಿರಲಿಲ್ಲ. ಸಿಟ್ಟಿತ್ತು. ಈಗಲೂ ಇದೆ. ನಿಮ್ಮ ಮಾರ್ಚಿಯ ಕಾಗದ ಓದಿದ ದಿನ ಅತ್ತೆ. ಸೊಂಟ ನೋವಿಗೆ ಅಳುತ್ತಿದ್ದೇನೆಂದು ನಮ್ಮವರಿಗೆ ಹೇಳಿದೆ.

ಹುಲ್ಲಿನ ಹಿತ್ತಲು ನನಗೆ ಬೇಕು. ಬೇಡ ಎಂದರೆ ಸುಳ್ಳಾಗುತ್ತದೆ, ಮತ್ತು ಈ ವರ್ಷ ಇಬ್ಬರ ನಡುವೆ ಸುಳ್ಳು ಸಾಕಷ್ಟು ಆಗಿದೆ. ಆದರೆ ಸುಮ್ಮನೆ ಕೊಟ್ಟದ್ದನ್ನು ಕೈಚಾಚಿ ತೆಗೆದುಕೊಂಡು ದಿನವೂ ಅದರ ಮೇಲೆ ಓಡಾಡಲು ನನ್ನಿಂದ ಆಗದು. ಬದಲು ಮಾಡಿಕೊಳ್ಳೋಣ. ನಿಮ್ಮ ಕೆಳಗಿನ ಹಿತ್ತಲು ನನಗೆ, ನನ್ನ ಮೇಲಿನ ಹಿತ್ತಲು ನಿಮಗೆ. ಅಳತೆಯಲ್ಲಿ ನನ್ನದು ಎರಡು ಹೆಜ್ಜೆ ದೊಡ್ಡದು, ಪುಟ್ಟಮಲ್ಲಪ್ಪನವರ ಹೆಜ್ಜೆಯಲ್ಲ, ನನ್ನ ಹೆಜ್ಜೆ. ಅದರಲ್ಲಿ ಈಗ ಒಂದು ನುಗ್ಗೆ ಮರ, ಒಂದು ಗೋರಂಟಿ ಗಿಡ ಬಿಟ್ಟರೆ ಏನೂ ಬದುಕಿಲ್ಲ. ಮೈಸೂರಿಗೆ ಹೋಗುವವರಿಗೆ ಸಾಲಿಗ್ರಾಮದಲ್ಲಿ ಒಣ ಹಿತ್ತಲು ಏಕೆಂದು ಮೇಷ್ಟ್ರು ಕೇಳುತ್ತಾರೆ. ಕೇಳಲಿ. ನೀರಿಲ್ಲದ ಜಾಗ ಕೈಯಲ್ಲಿದ್ದರೆ ಹೇಗಿರುತ್ತದೆಂದು ನಿಮಗೂ ಗೊತ್ತಿರಲಿ.

ಆಗ ಕಾಲುವೆ ನಿಮ್ಮ ಹಿತ್ತಲಿನ ಮೂಲಕ ನನ್ನ ಹಿತ್ತಲಿಗೆ ಬರುತ್ತದೆ. ನೀವು ಮೇಲಿನವರು, ನಾನು ಕೊನೆಯವಳು. ನಿಮ್ಮ ಗಂಡಿಯಲ್ಲಿ ಆ ಏಡಿ ಇನ್ನೂ ಇದೆ. ವಾರವೂ ತೋಡುತ್ತದೆ, ಮೆತ್ತಿದಷ್ಟೂ ತೋಡುತ್ತದೆ. ಮೇಲಿನವರೇ ಅದನ್ನು ಮುಚ್ಚಬೇಕು ಎನ್ನುವುದು ಪದ್ಧತಿ.

ಒಪ್ಪಿಗೆಯಾದರೆ ಬರೆಯಿರಿ. ಇಲ್ಲವಾದರೆ ಹುಲ್ಲು ಹಾಗೇ ಇರಲಿ, ಪುಟ್ಟಮಲ್ಲಪ್ಪನವರ ಎಮ್ಮೆಗಾದರೂ ಆಗುತ್ತದೆ.

ಜೀನತ್

•

ಹೆಗ್ಗಡದೇವನಕೋಟೆ
೧೪–೫–೧೯೩೭

ಜೀನತ್,

ಒಪ್ಪಿದೆ. ಅದಲುಬದಲಿನ ಕಾಗದವನ್ನು ಯಜಮಾನರೇ ಕೂತು ಬರೆದಿದ್ದಾರೆ, ನೀನು ಹೇಳಿದ ಎರಡು ಹೆಜ್ಜೆಯನ್ನೂ ಸೇರಿಸಿ. ಒಣ ಹಿತ್ತಲು ಏಕೆ ಎಂದು ಅವರು ಕೇಳಲಿಲ್ಲ. ನಿನ್ನ ಕಾಗದವನ್ನು ಅವರ ಕೈಗೆ ಕೊಟ್ಟಿದ್ದೆ.

ನಿನಗೆ ಸಿಟ್ಟು ಇದ್ದರೆ ಇರಲಿ. ಇಲ್ಲ ಎಂದು ಬರೆದಿದ್ದರೆ ನಾನು ನಂಬುತ್ತಿರಲಿಲ್ಲ.

ಇಪ್ಪತ್ತನೇ ತಾರೀಖು ಗುರುವಾರ. ನಾನು ಹಿಂದಿನ ದಿನವೇ ಬರುತ್ತೇನೆ, ಒಬ್ಬಳೇ. ನಮ್ಮ ಮನೆಯಲ್ಲಿ ಪುಟ್ಟಮಲ್ಲಪ್ಪನವರು ಆಗಲೇ ಬೆಲ್ಲದ ಪೆಂಟೆ ಇಟ್ಟಿದ್ದಾರಂತೆ, ಹಾಗಾಗಿ ರಾತ್ರಿ ನಿಮ್ಮ ಜಗಲಿಯಲ್ಲಿ ಮಲಗುತ್ತೇನೆ. ಬೆಳಿಗ್ಗೆ ಚಿಕ್ಕಬಸಪ್ಪ ತೂಬು ತೆಗೆಯುವ ಮೊದಲೇ ಮೇಲಿನ ಗಂಡಿಗೆ ಹೋಗಿ ನಾನೇ ಮಣ್ಣು ಎಳೆದು ಮುಚ್ಚುತ್ತೇನೆ. ನೀನು ಕೆಳಗೆ ನಿಂತಿರು. ತುಂಬಿದ ಮೇಲೆ ಕೂಗು. ನೀನು ಕೂಗುವವರೆಗೆ ನಾನು ಅಲ್ಲಿಂದ ಅಲ್ಲಾಡುವುದಿಲ್ಲ.

ಯಶೋದೆ